ಎರಡನೇ ಸಲ ಹೆಬ್ಬೆಟ್ಟು ಕೇಳಿದರೆ, ಯಾಕೆಂದು ಕೇಳಿ

ಪಿಎಂ ಕಿಸಾನ್ ಯೋಜನೆಯ ಹಣ 2019ರಿಂದ ನಮ್ಮ ತಂದೆಯವರ ಖಾತೆಗೆ ಬರುತ್ತಿತ್ತು. ವರ್ಷಕ್ಕೆ 6,000 ರೂಪಾಯಿ, ತಲಾ 2,000 ರೂಪಾಯಿಯ ಮೂರು ಕಂತುಗಳಲ್ಲಿ. ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಮಾಡಿಸಿಕೊಂಡು ಬಂದ ಮೇಲೆ ಒಂದರ ಹಿಂದೊಂದು ಎರಡು ಕಂತುಗಳು ಬರಲಿಲ್ಲ. ಸರ್ಕಾರದ ಹಣ ತಡವಾಗುವುದು ಹೊಸ ಸಂಗತಿಯಲ್ಲವಲ್ಲ, ಹಾಗಾಗಿ ಸುಮ್ಮನೆ ಕಾದೆವು. ಕಾಯಬಾರದಿತ್ತು.

ಕೊನೆಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದಾಗ ಎರಡೂ ಕಂತುಗಳು ಪಾವತಿಯಾಗಿರುವುದು ತಿಳಿಯಿತು. ನಮ್ಮ ಪಾಸ್‌ಬುಕ್ಕಿನಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ. ಅಲ್ಲಿನ ಸಿಬ್ಬಂದಿ ಕಂಪ್ಯೂಟರನ್ನು ನಮ್ಮ ಕಡೆಗೆ ತಿರುಗಿಸಿ ಹಣ ಜಮೆಯಾದ ಬ್ಯಾಂಕಿನ ಹೆಸರು ಓದಿದರು. ತಂದೆಯವರು ಆ ಹೆಸರನ್ನೇ ಕೇಳಿರಲಿಲ್ಲ.

ಅರ್ಜಿಯಲ್ಲಿ ಯಾವ ಖಾತೆ ಸಂಖ್ಯೆ ಬರೆದುಕೊಟ್ಟಿರುತ್ತೇವೋ ಹಣ ಅಲ್ಲಿಗೇ ಬರುತ್ತದೆ ಎಂದು ನಾನೂ ನಂಬಿದ್ದೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಾಗಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆಯನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಮ್ಮ ಆಧಾರ್ ಸಂಖ್ಯೆಯ ಎದುರು ಯಾವ ಬ್ಯಾಂಕ್ ನಮೂದಾಗಿದೆಯೋ ಅಲ್ಲಿಗೆ ಹಣ ಹೋಗುತ್ತದೆ. ಒಂದು ಆಧಾರಿಗೆ ಒಂದೇ ಬ್ಯಾಂಕ್, ಹೊಸದು ಜೋಡಣೆಯಾದ ಕೂಡಲೇ ಹಳೆಯದು ಪಟ್ಟಿಯಿಂದ ಹೊರಬೀಳುತ್ತದೆ.

ಇ-ಕೆವೈಸಿ ದಿನದ ನೆನಪು ಆಗ ಮರುಕಳಿಸಿತು. ಮಣ್ಣಿನ ಕೆಲಸದಿಂದ ತಂದೆಯವರ ಬೆರಳ ಗೆರೆಗಳು ಸವೆದಿವೆ. ಖಾಸಗಿ ಸೇವಾ ಕೇಂದ್ರದ ಹುಡುಗ, 'ಸರಿಯಾಗಿ ಬಂದಿಲ್ಲ ಯಜಮಾನ್ರೇ, ಇನ್ನೊಂದ್ಸಲ ಇಡಿ' ಎಂದ. ಅವರು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಇಟ್ಟರು. ಆಮೇಲೆ ಮೂರನೇ ಸಲವೂ ಇಟ್ಟರು. ಮೊದಲನೆಯ ಒತ್ತಿಗೇ ಇ-ಕೆವೈಸಿ ಮುಗಿದಿತ್ತು, ಉಳಿದವು ಅವರ ಹೆಸರಿನಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಿಸುವುದಕ್ಕೆ ಬಳಕೆಯಾದವು ಎಂಬುದು ಖಾತೆ ತೆರೆದ ದಿನಾಂಕವನ್ನು ನೋಡಿದ ಮೇಲೆ ನನಗೆ ಖಚಿತವಾಯಿತು. ಖಾತೆಯೊಂದಕ್ಕೆ ಸಿಗುವ ಕಮಿಷನ್ ಆಸೆಗೆ ಹೀಗೆ ಮಾಡಿರಬಹುದೆಂದು ಮೊದಲು ಅಂದುಕೊಂಡೆ. ಆದರೆ 4,000 ರೂಪಾಯಿಯೂ ಬೆರಳಚ್ಚಿನ ಮೂಲಕವೇ ಡ್ರಾ ಆಗಿತ್ತು. ಬೇರೆ ಪ್ರಮಾಣಪತ್ರಕ್ಕೆಂದು ತಂದೆಯವರು ಅದೇ ಕೇಂದ್ರಕ್ಕೆ ಮತ್ತೆರಡು ಸಲ ಹೋಗಿದ್ದರು.

ಆದ್ದರಿಂದ ಇಷ್ಟನ್ನು ದಯವಿಟ್ಟು ಗಮನಿಸಿ. ಆಧಾರಿಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಪಿಎಂ ಕಿಸಾನ್ ಇ-ಕೆವೈಸಿಯನ್ನು ಒಟಿಪಿಯಿಂದಲೇ ಮುಗಿಸಬಹುದು. 2023ರಿಂದ ಯೋಜನೆಯ ಆ್ಯಪಿನಲ್ಲಿ ಮುಖ ತೋರಿಸಿ ಮಾಡುವ ಸೌಲಭ್ಯವೂ ಇದೆ. ಹೆಬ್ಬೆಟ್ಟು ಕೊಡಲೇಬೇಕಾದ ಪ್ರಮೇಯ ಬಹಳ ಜನರಿಗೆ ಬರುವುದೇ ಇಲ್ಲ. ಆಧಾರ್ ಜಾಲತಾಣದಲ್ಲಿ ನಿಮ್ಮ ಸಂಖ್ಯೆಗೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದನ್ನು ಈಗಲೇ ನೋಡಿಕೊಳ್ಳಿ. ಬೆರಳಚ್ಚನ್ನು ಲಾಕ್ ಮಾಡುವ ವ್ಯವಸ್ಥೆಯೂ ಅಲ್ಲೇ ಇದೆ. ಲಾಕ್ ಇದ್ದಾಗ ಪಡಿತರ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯದು, ಹೋಗುವ ಮುನ್ನ ತೆಗೆಯಬೇಕಾಗುತ್ತದೆ ಎಂಬ ತಾಪತ್ರಯ ಮಾತ್ರ ಉಂಟು. ಹಣ ಹೋಗಿರುವುದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಂದೆಯವರು ಹಳೆಯ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಅರ್ಜಿಯನ್ನು ಹೊಸದಾಗಿ ಕೊಟ್ಟ ಮೇಲೆ ಮುಂದಿನ ಕಂತು ಅಲ್ಲಿಗೇ ಬಂತು. ಹೋದ 4,000 ರೂಪಾಯಿಯ ಬಗ್ಗೆ ದೂರಿನ ಸ್ವೀಕೃತಿ ಪತ್ರವೊಂದು ಮಾತ್ರ ನಮ್ಮ ಕೈಯಲ್ಲಿದೆ.