ಹೆಂಡತಿಯ ಗಾಲ್ಫ್ ಆರ್, ನನ್ನ ಎಲ್ ಬೋರ್ಡ್: ಇಂಗ್ಲೆಂಡಿನಲ್ಲಿ ಯಾವ ಇನ್ಶೂರೆನ್ಸ್ ವಾಸಿ?

ಊರಲ್ಲಿ ಕಾರು ಕಲಿಯುವವರು ಇನ್ಶೂರೆನ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಕಡಿಮೆ. ಎಲ್‌ಎಲ್‌ಆರ್ ಮಾಡಿಸಿ, ಹಿಂದೆ ಮುಂದೆ ಎಲ್ ಬೋರ್ಡ್ ಅಂಟಿಸಿ, ಪಕ್ಕದಲ್ಲಿ ಲೈಸೆನ್ಸ್ ಇರುವ ಭಾವನನ್ನೋ ಚಿಕ್ಕಪ್ಪನನ್ನೋ ಕೂರಿಸಿಕೊಂಡು ಹೊರಡುತ್ತಾರೆ. ನಮ್ಮ ಪಾಲಿಸಿಗಳಲ್ಲಿ ಚಾಲಕರ ಷರತ್ತು ಅಂತ ಒಂದು ಪ್ಯಾರಾ ಇರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮವನ್ನು ಪಾಲಿಸಿದರೆ ಕಲಿಯುವವರೂ ಓಡಿಸಬಹುದು ಎಂದು ಅದರಲ್ಲೇ ಬರೆದಿರುತ್ತದೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಪಾಲಿಸಿಯಲ್ಲಿ ಯಾರ್ಯಾರ ಹೆಸರಿದೆಯೋ ಸಾಮಾನ್ಯವಾಗಿ ಅವರಿಗಷ್ಟೇ ಆ ಕಾರು. ಹೆಂಡತಿಯ ಕಾರು ಗಂಡನಿಗೆ ತಾನಾಗಿ ಸಲ್ಲುವುದಿಲ್ಲ.

ನಾವಿರುವುದು ಮಿಲ್ಟನ್ ಕೀನ್ಸ್‌ನಲ್ಲಿ. ನನ್ನ ಹೆಂಡತಿ ಇಲ್ಲಿಗೆ ನನಗಿಂತ ಮೊದಲೇ ಬಂದವಳು, ಕಾರಿನ ಹುಚ್ಚಿನವಳು. ಅವಳದು ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್, ಏಳನೇ ತಲೆಮಾರಿನದು: 2 ಲೀಟರ್ ಟರ್ಬೊ ಎಂಜಿನ್, 300 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಶಕ್ತಿ, ಆರು ಗೇರಿನ ಮ್ಯಾನುಯಲ್. ನನ್ನ ಕೈಯಲ್ಲಿದ್ದದ್ದು ಹಾಸನದ ಆರ್‌ಟಿಒ ಕೊಟ್ಟ ಲೈಸೆನ್ಸ್. ಅದನ್ನಿಟ್ಟುಕೊಂಡು ಇಲ್ಲಿ ನೆಲೆಸಿದ ಮೊದಲ 12 ತಿಂಗಳು ಓಡಿಸಬಹುದು, ಆಮೇಲೆ ಅದು ಕೆಲಸಕ್ಕೆ ಬಾರದು. ಆಸ್ಟ್ರೇಲಿಯಾ, ಜಪಾನ್, ಸಿಂಗಾಪುರದವರು ತಮ್ಮ ಲೈಸೆನ್ಸ್ ಕೊಟ್ಟು ಬ್ರಿಟಿಷ್ ಲೈಸೆನ್ಸ್ ಪಡೆಯಬಹುದು. ಆ ಪಟ್ಟಿಯಲ್ಲಿ ಭಾರತ ಇಲ್ಲ. ಆ ಮೊದಲ ವರ್ಷವನ್ನು ನಾನು ರೈಲು, ಬಸ್ಸುಗಳಲ್ಲೇ ಕಳೆದೆ. ಹಾಗಾಗಿ ಆನ್‌ಲೈನಿನಲ್ಲಿ 34 ಪೌಂಡ್ ಕಟ್ಟಿ ಪ್ರೊವಿಷನಲ್ ಲೈಸೆನ್ಸ್ ತರಿಸಿಕೊಂಡು, ಮತ್ತೆ ಕಲಿಯುವವರ ಸಾಲಿನಲ್ಲಿ ನಿಂತೆ.

ಇನ್ಶೂರೆನ್ಸಿಗೂ ಮೊದಲು ನಮ್ಮ ಕಡೆಯ ಜೋಡಿಗಳು ನೋಡಿಕೊಳ್ಳಬೇಕಾದದ್ದೊಂದಿದೆ. ಪಕ್ಕದಲ್ಲಿ ಕೂರುವವರಿಗೆ 21 ವರ್ಷ ದಾಟಿರಬೇಕು, ಬ್ರಿಟನ್ನಿನದೋ ಐರೋಪ್ಯ ಒಕ್ಕೂಟದ್ದೋ ಪೂರ್ಣ ಲೈಸೆನ್ಸ್ ಕೈಗೆ ಬಂದು 3 ವರ್ಷ ಆಗಿರಬೇಕು. ಸ್ವಿಟ್ಜರ್ಲೆಂಡ್, ನಾರ್ವೆಯಂಥ ಒಂದೆರಡು ದೇಶದ್ದೂ ನಡೆಯುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ವರ್ಷ ಓಡಿಸಿದ ಅನುಭವ ಈ ಲೆಕ್ಕಕ್ಕೆ ಬರುವುದಿಲ್ಲ. ಕಳೆದ ವರ್ಷ ಇಲ್ಲಿ ಟೆಸ್ಟ್ ಪಾಸಾದ ಹೆಂಡತಿ ಈ ವರ್ಷ ಗಂಡನಿಗೆ ಕಲಿಸುವಂತಿಲ್ಲ. ಆಟೊಮ್ಯಾಟಿಕ್‌ನಲ್ಲಿ ಮಾತ್ರ ಪಾಸಾದವರು ಮ್ಯಾನುಯಲ್ ಕಾರಿನಲ್ಲಿ ಪಕ್ಕಕ್ಕೆ ಕೂರುವಂತಿಲ್ಲ. ಇವಳಿಗೆ ಮೂರು ವರ್ಷ ದಾಟಿತ್ತು, ಮ್ಯಾನುಯಲ್ ಲೈಸೆನ್ಸೇ ಇತ್ತು. ಬಚಾವಾದೆವು.

ಮೊದಲು ನೋಡಿದ್ದು ಅವಳ ವಾರ್ಷಿಕ ಪಾಲಿಸಿಗೇ ನನ್ನ ಹೆಸರು ಸೇರಿಸುವ ದಾರಿ. ಸುಲಭವೆಂದು ಎಲ್ಲರೂ ಹೇಳುವುದು ಇದನ್ನೇ. ಗಂಡ-ಹೆಂಡತಿ ಇಬ್ಬರ ಹೆಸರೂ ಇದ್ದರೆ ಪ್ರೀಮಿಯಂ ಕಡಿಮೆಯಾಗುತ್ತದೆ ಎಂದು ಗೆಳೆಯರೊಬ್ಬರು ಧೈರ್ಯ ಕೊಟ್ಟಿದ್ದರು. ಆ ಮಾತು ಇಬ್ಬರಿಗೂ ಪೂರ್ಣ ಲೈಸೆನ್ಸ್ ಇದ್ದು, ಕಾರು ಸಾಧುವಾಗಿದ್ದರೆ ನಿಜವಾಗಬಹುದು. ಇಲ್ಲಿ ಇಂಥ ಕಾರುಗಳನ್ನು ಅಗ್ಗದ 1ರಿಂದ ದುಬಾರಿಯ 50ರವರೆಗೆ ಇನ್ಶೂರೆನ್ಸ್ ಗುಂಪುಗಳಾಗಿ ವಿಂಗಡಿಸಿದ್ದಾರೆ. ಫೋಕ್ಸ್‌ವ್ಯಾಗನ್ ಅಪ್ ಎಂಬ ಪುಟಾಣಿ ಕಾರಿನ ಮೂಲ ಮಾದರಿ 1ನೇ ಗುಂಪಿನದು. ಅದೇ ಕಂಪನಿಯ ಗಾಲ್ಫ್ ಆರ್ 30 ದಾಟುತ್ತದೆ. ಕಂಪನಿ ಹೇಳಿದ ಹೆಚ್ಚುವರಿ ಮೊತ್ತ ಅವಳ ವರ್ಷದ ಪ್ರೀಮಿಯಂನ ಅರ್ಧಕ್ಕೆ ಹತ್ತಿರವಿತ್ತು. ಪಾಲಿಸಿ ಮಧ್ಯದಲ್ಲಿ ಬದಲಿಸಿದ್ದಕ್ಕೆ ಶುಲ್ಕ ಬೇರೆ. ನಾನು ಓಡಿಸುವಾಗ ಗುದ್ದಿದರೆ ನಮ್ಮ ಜೇಬಿನಿಂದ ಕೊಡಬೇಕಾದ ಎಕ್ಸೆಸ್ ಕೂಡ ಏರಿತು. ಕೇಳಿನೋಡೋಣ ಎಂದು ಇನ್ನೊಂದು ಕಂಪನಿಗೆ ವಿವರ ಕೊಟ್ಟರೆ, ಈ ಕಾರಿಗೆ ಪ್ರೊವಿಷನಲ್ ಲೈಸೆನ್ಸಿನವರನ್ನು ಸೇರಿಸುವುದೇ ಇಲ್ಲ ಎಂಬ ಉತ್ತರ ಬಂತು.

ದುಡ್ಡಿಗಿಂತ ನನ್ನನ್ನು ಹಿಂದೆಗೆಸಿದ್ದು ಅವಳ ನೋ ಕ್ಲೇಮ್ ಬೋನಸ್. ಹೆಸರು ಸೇರಿಸಿದ ಚಾಲಕ ಗುದ್ದಿದರೂ ಕ್ಲೇಮ್ ಬೀಳುವುದು ಪಾಲಿಸಿದಾರರ ಮೇಲೆ. ವರ್ಷಗಟ್ಟಲೆ ಒಂದು ಗೀರೂ ಇಲ್ಲದೆ ಓಡಿಸಿ ಅವಳು ಕೂಡಿಟ್ಟ ರಿಯಾಯಿತಿ, ನಾನು ಸೂಪರ್ ಮಾರ್ಕೆಟ್ಟಿನ ಕಂಬಕ್ಕೆ ತಾಗಿಸಿದ ಒಂದು ಮಧ್ಯಾಹ್ನದಲ್ಲಿ ಕರಗಿಹೋಗಬಹುದು. ಬೋನಸ್ಸಿಗೇ ರಕ್ಷಣೆ ಕೊಳ್ಳಬಹುದು, ನಿಜ. ಆ ರಕ್ಷಣೆ ರಿಯಾಯಿತಿಯ ಶೇಕಡಾವಾರನ್ನು ಉಳಿಸುತ್ತದೆ, ಮೂಲ ಪ್ರೀಮಿಯಂ ಏರುವುದನ್ನು ತಡೆಯುವುದಿಲ್ಲ. "ಕಾರು ಹೋದರೆ ಇನ್ನೊಂದು ತಗೋಬಹುದು ಮಾರಾಯ, ಬೋನಸ್ ಮಾತ್ರ ಮುಟ್ಟಬೇಡ" ಎಂದಳು. ಸಾಗರದ ಕಡೆಯವಳು, ಲೆಕ್ಕದಲ್ಲಿ ಗಟ್ಟಿ.

ಎರಡನೆಯದು, ಕಲಿಯುವವರಿಗೆಂದೇ ಇರುವ ಅಲ್ಪಾವಧಿ ಪಾಲಿಸಿ. ಗಂಟೆ, ದಿನ, ವಾರ, ತಿಂಗಳ ಲೆಕ್ಕದಲ್ಲಿ ಸಿಗುತ್ತದೆ. ಕಾರು ಯಾರದಾದರೂ ಆಗಲಿ, ಅವರ ಒಪ್ಪಿಗೆ ಇರಬೇಕು, ಸಾಮಾನ್ಯವಾಗಿ ಕಾರಿಗೆ ಅವರದೇ ವಾರ್ಷಿಕ ಪಾಲಿಸಿಯೂ ಇರಬೇಕು. ಅದರ ಪಕ್ಕದಲ್ಲಿ ನನ್ನ ಹೆಸರಿನಲ್ಲಿ ಇನ್ನೊಂದು ಪಾಲಿಸಿ ನಿಲ್ಲುತ್ತದೆ. ನಾನು ಗುದ್ದಿದರೆ ಕ್ಲೇಮ್ ನನ್ನದರ ಮೇಲೆ, ಅವಳ ಬೋನಸ್ಸಿಗೆ ಧಕ್ಕೆಯಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಕಾಣೆ.

ತೊಡಕಿರುವುದು ಕಾರಿನಲ್ಲಿ. ಈ ಪಾಲಿಸಿಗಳನ್ನು ಹೊಲಿದಿರುವುದು ಅಪ್ಪ-ಅಮ್ಮನ ಪುಟ್ಟ ಕಾರಿನಲ್ಲಿ ಕಲಿಯುವ ಹದಿನೇಳರ ಹುಡುಗರ ಅಳತೆಗೆ. ಒಂದು ಕಂಪನಿ ಇನ್ಶೂರೆನ್ಸ್ ಗುಂಪಿನ ಸಂಖ್ಯೆ ನೋಡಿಯೇ ಬಾಗಿಲು ಹಾಕಿತು. ಇನ್ನೊಂದಕ್ಕೆ ಕಾರಿನ ಬೆಲೆ ಅದರ ಮಿತಿಗಿಂತ ಜಾಸ್ತಿಯಾಯಿತು. ಮತ್ತೊಂದು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಕಾರಿನಲ್ಲಿ ಮಾರ್ಪಾಡು ಏನಾದರೂ ಇದೆಯೇ ಎಂದು ಕೇಳಿತು. ಹಿಂದಿನ ಮಾಲೀಕ ಸೈಲೆನ್ಸರ್ ಬದಲಿಸಿದ್ದ. ಅದನ್ನು ಹೇಳಿದ ಕೂಡಲೇ ಪರದೆ ಮೇಲೆ 'ಕ್ಷಮಿಸಿ' ಬಂತು. ಹೇಳದೆ ಮುಚ್ಚಿಡಬಹುದಿತ್ತಲ್ಲ ಎನ್ನುವವರಿಗೆ ಒಂದು ಮಾತು: ಮುಚ್ಚಿಟ್ಟದ್ದು ಕ್ಲೇಮ್ ಹೊತ್ತಿಗೆ ಹೊರಬಂದರೆ ಪಾಲಿಸಿಯನ್ನೇ ರದ್ದು ಮಾಡಬಹುದು. ರದ್ದಾದ ಪಾಲಿಸಿಯ ವಿಷಯವನ್ನು ಆಮೇಲೆ ಕೇಳುವ ಪ್ರತಿ ಕಂಪನಿಗೂ ಹೇಳುತ್ತಿರಬೇಕು.

ಕೊನೆಗೆ ಒಂದು ಕಂಪನಿ ಒಪ್ಪಿತು. ಪಕ್ಕದಲ್ಲಿ ಕೂರುವವರಿಗೆ ಕಾನೂನು ಕೇಳುವ 21 ಸಾಲದು, 25 ಆಗಿರಬೇಕು ಎಂದಿತು; ರಾತ್ರಿ ಹೊತ್ತಾದ ಮೇಲೆ ಓಡಿಸುವಂತಿಲ್ಲ ಎಂದಿತು; ಎಕ್ಸೆಸ್ಸನ್ನೂ ಧಾರಾಳವಾಗಿಯೇ ಇಟ್ಟಿತು. ತಿಂಗಳಿಗೆ ನೂರು ಪೌಂಡ್ ಮೇಲೆ ಸ್ವಲ್ಪ. ಇದರಲ್ಲಿ ಶೇ 12ರಷ್ಟು ಇನ್ಶೂರೆನ್ಸ್ ತೆರಿಗೆಯೂ ಸೇರಿದೆ. ನನಗೆ ಮೂವತ್ತಾರು ವರ್ಷ ಎಂಬುದು ಇಲ್ಲಿ ಉಪಯೋಗಕ್ಕೆ ಬಂತು. ಇದೇ ಕಾರಿಗೆ ಇಪ್ಪತ್ತರ ಹುಡುಗ ಕೇಳಿದ್ದರೆ ದರ ಹೇಳುವವರೇ ಸಿಗುತ್ತಿರಲಿಲ್ಲವೇನೋ. ಒಂದು ತಿಂಗಳಿಗಿಂತ ಕಡಿಮೆ ಅವಧಿಯ ಪಾಲಿಸಿ ಕೊಳ್ಳುವವರು ಗಮನಿಸಿ: ವಾರ್ಷಿಕ ಪಾಲಿಸಿಗೆ ಇರುವಂತೆ 14 ದಿನದೊಳಗೆ ಮನಸ್ಸು ಬದಲಿಸಿ ದುಡ್ಡು ವಾಪಸ್ ಕೇಳುವ ಹಕ್ಕು ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಪಕ್ಕದಲ್ಲಿ ಕೂರುವವರಿಗೆ ಆ ವಾರ ಆಫೀಸಿನ ಕೆಲಸ ಬಂದರೆ ಕಟ್ಟಿದ್ದು ಹೋಯಿತು.

ಈ ಖರ್ಚನ್ನು ಮೂರನೆಯ ದಾರಿಯ ಪಕ್ಕದಲ್ಲಿಟ್ಟು ನೋಡಬೇಕು, ಅಂದರೆ ಇನ್ಶೂರೆನ್ಸ್ ಗೊಡವೆಯೇ ಬೇಡ, ಎಲ್ಲವನ್ನೂ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಕಲಿಯುವುದು. ಪಾಸಾಗುವವರು ಸರಾಸರಿ 45 ಗಂಟೆ ಪಾಠ, ಅದರ ಮೇಲೆ 22 ಗಂಟೆ ಖಾಸಗಿ ಅಭ್ಯಾಸ ಮಾಡಿರುತ್ತಾರೆ ಎಂದು ಇಲ್ಲಿನ ಪರೀಕ್ಷಾ ಸಂಸ್ಥೆಯಾದ ಡಿವಿಎಸ್ಎ ಹೇಳುತ್ತದೆ. ನಮ್ಮ ಶಿಕ್ಷಕರ ದರ ಗಂಟೆಗೆ 38 ಪೌಂಡ್. ಆ 22 ಗಂಟೆಯನ್ನೂ ಅವರ ಬಳಿಯೇ ಮಾಡಿದರೆ 836 ಪೌಂಡ್. ಅಲ್ಪಾವಧಿ ಪಾಲಿಸಿಯಲ್ಲಿ ಅದೇ 22 ಗಂಟೆ ಒಂದು ತಿಂಗಳೊಳಗೆ ಮುಗಿದರೆ ಗಂಟೆಗೆ ಐದು ಪೌಂಡ್ ಆಸುಪಾಸು, ಪೆಟ್ರೋಲ್ ಬೇರೆ. ಗಾಲ್ಫ್ ಆರ್‌ನ ಪೆಟ್ರೋಲ್ ಅನ್ನುವುದು ಸಣ್ಣ ಬಾಬತ್ತಲ್ಲ, ಆದರೂ ಅಂತರ ದೊಡ್ಡದೇ. ಶಿಕ್ಷಕರ ಕಾರಿನಲ್ಲಿ ಅವರ ಕಾಲ ಬುಡದಲ್ಲೂ ಬ್ರೇಕ್ ಇರುತ್ತದೆ. ಹೆಂಡತಿಯ ಕಾರಿನಲ್ಲಿ ಅವಳ ಕಾಲ ಬುಡದಲ್ಲಿ ಇದ್ದದ್ದು ಖಾಲಿ ಮ್ಯಾಟ್, ಅದನ್ನೇ ಒತ್ತಿ ಒತ್ತಿ ಸವೆಸಿದಳು. ಮೋಟಾರ್‌ವೇಗೆ ಹೋಗಬೇಕೆಂದರೂ ಶಿಕ್ಷಕರೇ ಬೇಕು: 2018ರ ಜೂನ್‌ನಿಂದ ಕಲಿಯುವವರಿಗೆ ಅಲ್ಲಿ ಅವಕಾಶ ಇದೆ, ಮಾನ್ಯತೆ ಪಡೆದ ಶಿಕ್ಷಕರು ಪಕ್ಕದಲ್ಲಿದ್ದು ಕಾರಿಗೆ ಎರಡು ಕಡೆ ಬ್ರೇಕ್ ಇದ್ದರೆ ಮಾತ್ರ. ಮನೆ ಪಕ್ಕದ ಎಂ1 ಮೋಟಾರ್‌ವೇಗೆ ನಾವಿಬ್ಬರೇ ಹತ್ತುವಂತಿರಲಿಲ್ಲ.

ಕಾರು ಹೇಗಿತ್ತು? ಮಿಲ್ಟನ್ ಕೀನ್ಸ್ ಕಲಿಯುವವರಿಗೆ ವಿಚಿತ್ರ ಊರು. ಚದುರಂಗದ ಮಣೆಯಂತೆ ಅಡ್ಡ ರಸ್ತೆಗಳಿಗೆ ಎಚ್, ಉದ್ದ ರಸ್ತೆಗಳಿಗೆ ವಿ ಎಂದು ಸಂಖ್ಯೆ ಕೊಟ್ಟಿದ್ದಾರೆ. ಎಚ್6 ಚೈಲ್ಡ್ಸ್ ವೇ ಹಿಡಿದರೆ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ವೃತ್ತ, ಎರಡು ವೃತ್ತಗಳ ನಡುವೆ ಜನ ಹೆದ್ದಾರಿಯ ವೇಗದಲ್ಲಿ ಬರುತ್ತಾರೆ. ವೃತ್ತಕ್ಕೆ ನುಗ್ಗಲು ಸಣ್ಣ ಸಂದು ಸಿಕ್ಕರೂ ಗಾಲ್ಫ್ ಆರ್ ಮುಲಾಜಿಲ್ಲದೆ ನುಗ್ಗುತ್ತದೆ. ಕ್ಲಚ್ ಸ್ವಲ್ಪ ತಪ್ಪಿ ಬಿಟ್ಟರೂ 380 ನ್ಯೂಟನ್ ಮೀಟರ್ ಟಾರ್ಕ್ ಎಳೆದುಕೊಂಡು ಹೋಗುತ್ತದೆ, ಎಂಜಿನ್ ಆಫ್ ಆಗುವುದು ಅಪರೂಪ. ಏರಿನಲ್ಲಿ ನಿಲ್ಲಿಸಿದರೆ ಕಾರೇ ಬ್ರೇಕ್ ಹಿಡಿದುಕೊಳ್ಳುತ್ತದೆ. ಇದೆಲ್ಲ ಆರಾಮ ಅನ್ನಿಸಿತು, ಶಿಕ್ಷಕರ ಪುಟ್ಟ ಕಾರಿಗೆ ವಾಪಸ್ ಕೂರುವ ತನಕ. ಅಲ್ಲಿ ಹ್ಯಾಂಡ್ ಬ್ರೇಕ್ ಕೈಯಲ್ಲೇ ಎಳೆಯಬೇಕು, ಕ್ಲಚ್ ಕಚ್ಚುವ ಬಿಂದು ಹುಡುಕಿ ಹಿಡಿಯಬೇಕು. ಗಾಲ್ಫ್‌ನಲ್ಲಿ ಕಲಿತ ಪಾದ ಅಲ್ಲಿ ಎಂಜಿನ್ ಆಫ್ ಮಾಡಿಕೊಂಡು ಕೂತಿತು. ಶಕ್ತಿಶಾಲಿ ಕಾರಿನ ಅಪಾಯ ಎಂದರೆ ವೇಗ ಎಂದೇ ಎಲ್ಲರೂ ಹೆದರಿಸಿದ್ದರು. ನನಗೆ ಆ ವೇಗಕ್ಕಿಂತ ಈ ಮುದ್ದು ಮಾಡುವ ಗುಣವೇ ತೊಂದರೆ ಕೊಟ್ಟಿತು.

ಅದಕ್ಕೇ ಎರಡನೇ ಸಲ ಪಾಲಿಸಿ ಕೊಳ್ಳುವಾಗ ಕಾರನ್ನೇ ಬದಲಿಸಿದೆವು. ಹತ್ತಿರದಲ್ಲೇ ಇರುವ ಮಂಡ್ಯದ ಗೆಳೆಯರ ಬಳಿ 1 ಲೀಟರಿನ ಟೊಯೊಟಾ ಯಾರಿಸ್ ಇತ್ತು. "ತಗೊಂಡ್ಹೋಗಿ ಸಾರ್, ಮೂಲೇಲಿ ನಿಂತಿರೋದು" ಎಂದರು. ಅದೇ ಬಗೆಯ ಪಾಲಿಸಿ ಆ ಕಾರಿನ ಮೇಲೆ ಕೇಳಿದರೆ, ಗಾಲ್ಫ್‌ಗೆ ಮುಖ ತಿರುಗಿಸಿದ್ದ ಕಂಪನಿಗಳೆಲ್ಲ ಕರೆದು ದರ ಕೊಟ್ಟವು, ಅರ್ಧಕ್ಕೂ ಕಡಿಮೆ. ಗೆಳೆಯರ ಬೋನಸ್ಸಿಗೂ ಅಪಾಯವಿಲ್ಲ ಎಂದು ಪಾಲಿಸಿ ಪ್ರತಿ ತೋರಿಸಿದ ಮೇಲೇ ಕೀಲಿ ತಗೊಂಡೆ. ಹಂಗಿನ ವಿಷಯ ಒಂದನ್ನು ಬಿಟ್ಟರೆ ಇದೇ ಎಲ್ಲಕ್ಕಿಂತ ವಾಸಿ ಅನ್ನಿಸಿತು. ಆದರೆ ವಾರವಾರವೂ ಬೇರೆಯವರ ಮನೆ ಬಾಗಿಲಿಗೆ ಹೋಗಿ ಕಾರು ಕೇಳುವುದು ಎಲ್ಲರ ಸ್ವಭಾವಕ್ಕೆ ಒಗ್ಗುವುದಿಲ್ಲ.

ಸ್ವಂತಕ್ಕೊಂದು ಹಳೆಯ ಪುಟ್ಟ ಕಾರು ಕೊಂಡು ನನ್ನ ಹೆಸರಲ್ಲೇ ವಾರ್ಷಿಕ ಪಾಲಿಸಿ ಮಾಡಿಸುವ ದಾರಿಯನ್ನು ದರ ಕೇಳುವ ಮಟ್ಟಿಗೆ ಮಾತ್ರ ನೋಡಿದೆ. ನೋ ಕ್ಲೇಮ್ ಬೋನಸ್ ಮೊದಲ ದಿನದಿಂದಲೇ ನನ್ನ ಖಾತೆಯಲ್ಲಿ ಬೆಳೆಯುತ್ತದೆ ಎಂಬುದೊಂದು ಆಕರ್ಷಣೆ. ಆದರೆ ರಸ್ತೆ ತೆರಿಗೆ, ವರ್ಷಕ್ಕೊಮ್ಮೆ ಎಂಒಟಿ ಎಂಬ ಕಡ್ಡಾಯ ವಾಹನ ತಪಾಸಣೆ, ಎರಡನೇ ಕಾರು ನಿಲ್ಲಿಸಲು ಜಾಗ ಎಲ್ಲ ಸೇರಿದರೆ, ಪಾಸಾದ ಮೇಲೂ ಆ ಕಾರು ಬೇಕೇ ಬೇಕು ಎನ್ನುವವರಿಗಷ್ಟೇ ಇದು ಗಿಟ್ಟುತ್ತದೆ. ಟೆಸ್ಟ್ ದಿನಾಂಕ ಸಿಗಲು ತಿಂಗಳುಗಟ್ಟಲೆ ಕಾಯಬೇಕಾದ ಈ ಕಾಲದಲ್ಲಿ ಅಂಥವರು ಬಹಳ ಜನ ಇದ್ದಾರೆ.

ಇಷ್ಟೆಲ್ಲ ಯಾಕೆ, ಭಾನುವಾರ ಬೆಳಿಗ್ಗೆ ಟೆಸ್ಕೋ ಸೂಪರ್ ಮಾರ್ಕೆಟ್ಟಿನ ಖಾಲಿ ಪಾರ್ಕಿಂಗಿನಲ್ಲಿ ಇನ್ಶೂರೆನ್ಸ್ ಇಲ್ಲದೆ ಸುತ್ತು ಹೊಡೆದರೆ ಆಗದೇ ಎಂದು ನಮ್ಮವರೇ ಸಲಹೆ ಕೊಡುತ್ತಾರೆ. ಆಗದು. 1988ರ ರಸ್ತೆ ಸಂಚಾರ ಕಾಯ್ದೆ ರಸ್ತೆಗೆ ಮಾತ್ರವಲ್ಲ, ಸಾರ್ವಜನಿಕರು ಬಂದುಹೋಗುವ ಜಾಗಕ್ಕೂ ಇನ್ಶೂರೆನ್ಸ್ ಕೇಳುತ್ತದೆ. ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕದ 6 ಪಾಯಿಂಟ್, ಕಾರನ್ನು ಪೊಲೀಸರು ಎತ್ತಿಕೊಂಡೂ ಹೋಗಬಹುದು. ಓಡಿಸಲು ಬಿಟ್ಟ ಮಾಲೀಕರ ಮೇಲೂ ಅದೇ ಅಪರಾಧ, ಅಂದರೆ ಒಂದೇ ಮನೆಯಲ್ಲಿ ಇಬ್ಬರಿಗೆ. ಪಾಸಾದ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಆದರೆ ಲೈಸೆನ್ಸ್ ರದ್ದು, ಪ್ರೊವಿಷನಲ್ ಕಾಲದಲ್ಲಿ ಬಿದ್ದ ಪಾಯಿಂಟುಗಳೂ ಆ ಲೆಕ್ಕಕ್ಕೆ ಸೇರುತ್ತವೆ.

ಪಾಸಾದ ಮರುಕ್ಷಣ ಏನು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕಲಿಯುವವರ ಪಾಲಿಸಿ ಸಾಮಾನ್ಯವಾಗಿ ಪಾಸಾದ ಕೂಡಲೇ ನಿಂತುಹೋಗುತ್ತದೆ. ಟೆಸ್ಟ್ ಕೇಂದ್ರಕ್ಕೆ ನೀವು ಓಡಿಸಿಕೊಂಡು ಹೋದ ಕಾರನ್ನು ಮನೆಗೆ ತರಬೇಕಾದವರು ಪಕ್ಕದಲ್ಲಿದ್ದವರೇ. ವಾರ್ಷಿಕ ಪಾಲಿಸಿಗೆ ಹೆಸರು ಸೇರಿಸಿದವರಿಗೆ ಈ ಪಜೀತಿ ಕಡಿಮೆ ಎನ್ನುತ್ತಾರೆ. ಆದರೆ ಅವರೂ ಕಂಪನಿಗೆ ತಿಳಿಸಬೇಕು, ತಿಳಿಸಿದಾಗ ದರ ಏರುವುದು ಮಾಮೂಲು. ಪಕ್ಕದಲ್ಲಿ ಯಾರೂ ಇಲ್ಲದೆ ಹೊಸಬನೊಬ್ಬ ಓಡಿಸುವುದು ಕಂಪನಿಯ ಕಣ್ಣಿಗೆ ಕಲಿಯುವವನಿಗಿಂತ ದೊಡ್ಡ ಅಪಾಯ. ನಾನು ಟೆಸ್ಟ್ ಕೊಟ್ಟದ್ದು ಶಿಕ್ಷಕರ ಕಾರಿನಲ್ಲಿ. ವಾರದ ದಿನವಾದ್ದರಿಂದ ಶುಲ್ಕ 62 ಪೌಂಡ್, ಶನಿವಾರವಾಗಿದ್ದರೆ 75. ಪಾಸಾದ ವಾರವೇ ಗಾಲ್ಫ್ ಆರ್‌ಗೆ ನನ್ನ ಹೆಸರು ಸೇರಿಸಲು ಕೇಳಿದೆವು. ಬಂದ ದರ ಅವಳ ಇಡೀ ವರ್ಷದ ಪ್ರೀಮಿಯಂ ದಾಟಿತ್ತು. ಈಗ ಆ ಯಾರಿಸ್ ಅನ್ನೇ ಗೆಳೆಯರಿಂದ ಕೊಳ್ಳುವ ಮಾತು ನಡೆದಿದೆ, ಬೆಲೆ ಇನ್ನೂ ಕುದುರಿಲ್ಲ.