ಟೋಕಿಯೋದಲ್ಲಿ ಸುಶಿ ತಿನ್ನಲು ಬುಕ್ ಮಾಡುವ ಮುಂಚೆ ಇದನ್ನು ಓದಿ

ಜಪಾನಿಗೆ ಹೊರಟಿದ್ದೀರಾ? ಜೊತೆಯಲ್ಲಿ ಮೀನು ಮುಟ್ಟದವರು ಯಾರಾದರೂ ಇದ್ದಾರಾ? ಹಾಗಿದ್ದರೆ ಸುಶಿ, ಅಂದರೆ ಅನ್ನದ ಮೇಲೆ ಹೆಚ್ಚಾಗಿ ಮೀನು ಇಟ್ಟು ಕೊಡುವ ತಿನಿಸಿನ, ದೊಡ್ಡ ಹೋಟೆಲಿಗೆ ದುಡ್ಡು ಕಟ್ಟುವ ಮುಂಚೆ ನಮಗೆ ಏನಾಯ್ತು ಅಂತ ನೋಡಿ.

ನಾನು ಕುಂದಾಪುರದವನು, ಮೀನಿಲ್ಲದೆ ನನಗೆ ಊಟ ಸೇರುವುದಿಲ್ಲ. ಹೆಂಡತಿ ಶೃಂಗೇರಿ ಕಡೆಯವಳು. ಮೊಟ್ಟೆ ತಿನ್ನುತ್ತಾಳೆ, ಮೀನು ಮಾಂಸ ಮುಟ್ಟುವುದಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾಯಿತು, ಇವತ್ತಿಗೂ ನಮ್ಮ ಮನೆಯಲ್ಲಿ ಮೀನಿನ ಬಾಣಲೆ ಬೇರೆ, ಸೌಟು ಬೇರೆ.

ಟೋಕಿಯೋದ ಗಿಂಜಾದಲ್ಲಿ ಒಮ್ಮೆ ಸುಶಿ ತಿನ್ನಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ನಾವು ಹೋದಲ್ಲಿ ಇದ್ದದ್ದು ಬರೀ ಎಂಟು ಸೀಟು. ಶೆಫ್ ಎದುರಿಗೇ ನಿಂತು ಒಂದೊಂದೇ ಸುಶಿ ಮಾಡಿ ಕೊಡುತ್ತಾರೆ. ಆರ್ಡರ್ ಮಾಡುವ ಹಾಗಿಲ್ಲ, ಅವರು ಕೊಟ್ಟದ್ದನ್ನು ತಿನ್ನಬೇಕು. ಇದಕ್ಕೆ ಒಮಕಾಸೆ ಅನ್ನುತ್ತಾರೆ, ‘ನಿಮಗೇ ಬಿಟ್ಟಿದ್ದೇನೆ’ ಅಂತ. ತಲೆಗೆ 22,000 ಯೆನ್. ಆನ್‌ಲೈನ್‌ನಲ್ಲಿ ಬುಕ್ ಮಾಡುವಾಗ ‘ಒಬ್ಬರು ವೆಜಿಟೇರಿಯನ್, ಮೊಟ್ಟೆ ಆಗುತ್ತದೆ’ ಎಂದು ಬರೆದೆ. ಓಕೆ ಅಂತ ಉತ್ತರ ಬಂತು. ನಾನು ಅಲ್ಲಿಗೇ ಬಿಟ್ಟೆ.

ನನಗೆ ಒಂದಾದ ಮೇಲೊಂದು ಮೀನು ಬಂತು. ಅವಳಿಗೆ ಸೌತೆಕಾಯಿ ಸುರುಳಿ, ಅಣಬೆ, ಬದನೆಕಾಯಿ. ನಡುವೆ ಇಬ್ಬರಿಗೂ ಹುದುಗಿಸಿದ ಸೋಯಾದ ಬಿಸಿಬಿಸಿ ಮಿಸೊ ಸೂಪ್. ಕೊನೆಗೆ ಮೊಟ್ಟೆ. ನಮ್ಮ ಆಮ್ಲೆಟ್ ಥರ ಅಲ್ಲ ಅದು. ಬೇಕರಿಯ ಸ್ಪಂಜ್ ಕೇಕಿನ ಹಾಗೆ ದಪ್ಪಗೆ, ಮೆತ್ತಗೆ. ಮೇಲೆ ಕಂದು ಬಣ್ಣ, ಒಳಗೆ ಹಳದಿ, ಸ್ವಲ್ಪ ಸಿಹಿ. ಅವಳಿಗೆ ತುಂಬಾ ಹಿಡಿಸಿತು. “ರೀ, ಇದನ್ನು ಹೇಗೆ ಮಾಡ್ತಾರೆ ಕೇಳಿ” ಅಂದಳು.

ಕೇಳಿದೆ. ಶೆಫ್ ಖುಷಿಯಿಂದ “ಎಬಿ, ಎಬಿ” ಅಂತ ಬೆರಳು ಕೊಕ್ಕೆಯ ಹಾಗೆ ಬಗ್ಗಿಸಿ ತೋರಿಸಿದರು.

ಎಬಿ ಅಂದರೆ ಸಿಗಡಿ. ಹಳೇ ಟೋಕಿಯೋ ಪದ್ಧತಿಯ ಸುಶಿ ಅಂಗಡಿಗಳಲ್ಲಿ ಸಿಗಡಿಯನ್ನೋ ಬಿಳಿ ಮೀನನ್ನೋ ನುಣ್ಣಗೆ ಅರೆದು ಮೊಟ್ಟೆಗೆ ಸೇರಿಸಿ ಬೇಯಿಸುತ್ತಾರೆ. ಅವಳ ತಟ್ಟೆಯಲ್ಲಿ ಅರ್ಧ ತುಂಡು ಉಳಿದಿತ್ತು. ಅದನ್ನು ಹಾಗೇ ಬಿಟ್ಟು ಚಹಾದ ಲೋಟ ಹಿಡಿದು ಕೂತಳು. ಆಮೇಲೆ ಮಾತಾಡಲಿಲ್ಲ. ಆ ಹೊತ್ತಿನಲ್ಲಿ ನನಗಾದ ಸಂಕಟ ಇವತ್ತಿಗೂ ಹೋಗಿಲ್ಲ.

ರೂಮಿಗೆ ಬಂದು ಹುಡುಕಿದಾಗ ಸೂಪಿನ ವಿಷಯವೂ ತಿಳಿಯಿತು. ಮಿಸೊ ಸೂಪಿಗೆ ಸಾಮಾನ್ಯವಾಗಿ ಹಾಕುವ ದಾಶಿ ಅನ್ನುವ ಸಾರನ್ನು, ಹೊಗೆಯಲ್ಲಿ ಒಣಗಿಸಿದ ಮೀನನ್ನು ತೆಳ್ಳಗೆ ಹೆರೆದು ಮಾಡುತ್ತಾರೆ. ಬೇಯಿಸಿದ ಅಣಬೆ, ಬದನೆಕಾಯಿಯಲ್ಲೂ ಅದೇ ಇರಬಹುದು. ಕಣ್ಣಿಗೆ ಮೀನು ಕಾಣುವುದೇ ಇಲ್ಲ. ಅಲ್ಲಿನ ತುಂಬಾ ಜನರ ಲೆಕ್ಕದಲ್ಲಿ ಅದು ಮೀನೂ ಅಲ್ಲ, ಬರೀ ರುಚಿ. ಆ ಶೆಫ್ ಬೇಕಂತ ಮೋಸ ಮಾಡಿದರು ಅಂತ ನನಗನ್ನಿಸುವುದಿಲ್ಲ. ಆದರೆ ಓಕೆ ಅಂತ ಬರೆದವರು ಒಂದು ಮಾತು ಕೇಳಬೇಕಿತ್ತು. ಆಗುವುದಿಲ್ಲ ಅಂದಿದ್ದರೂ ನಮಗೆ ಬೇಜಾರಿರಲಿಲ್ಲ.

ಬಿಲ್ಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮೊಟ್ಟೆಗೆ ಮುಂಚೆ “ಇನ್ನೇನಾದರೂ ಬೇಕಾ?” ಅಂತ ಕೇಳಿದ್ದರು. ಅದೂ ಊಟದಲ್ಲೇ ಸೇರಿದೆ ಅಂದುಕೊಂಡು ಮೂರು ತುಂಡು ಜಾಸ್ತಿ ತಿಂದೆ. ಅದಕ್ಕೇ 8,400 ಯೆನ್. ಎರಡು ಬಾಟಲಿ ನೀರಿಗೆ 1,600. ಎಲ್ಲದರ ಮೇಲೆ 10% ಸರ್ವಿಸ್ ಚಾರ್ಜ್. ಸೌತೆಕಾಯಿ ತಿಂದವಳಿಗೂ ಪೂರ್ತಿ 22,000. ಒಟ್ಟು 59,400 ಯೆನ್, ಆಗಿನ ಲೆಕ್ಕಕ್ಕೆ ಸುಮಾರು 34,000 ರೂಪಾಯಿ. ಜಪಾನಿನಲ್ಲಿ 2021ರ ಏಪ್ರಿಲ್‌ನಿಂದ ತೆರಿಗೆ ಸೇರಿಸಿಯೇ ಬೆಲೆ ತೋರಿಸಬೇಕು ಅಂತ ನಿಯಮ ಇದೆ. ಸರ್ವಿಸ್ ಚಾರ್ಜ್ ಮಾತ್ರ ಹೀಗೆ ಬೇರೆ ಬೀಳಬಹುದು, ಮೊದಲೇ ಕೇಳಿ. ಜಾಸ್ತಿ ತುಂಡು ಬೇಕು ಅನ್ನುವ ಮುಂಚೆ “ಇಕುರಾ ದೆಸ್ ಕಾ?” ಅನ್ನಿ. ಎಷ್ಟು ಅಂತ ಅರ್ಥ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಬರೀ ‘ವೆಜಿಟೇರಿಯನ್’ ಅಂತ ಬರೆದು ಸುಮ್ಮನಾಗಬೇಡಿ. ಮೀನಿನ ದಾಶಿ ಬೇಡ, ಮೊಟ್ಟೆಯಲ್ಲಿ ಸಿಗಡಿ ಬೇಡ, ಸಿಗಡಿಯ ಪುಡಿಯೂ ಬೇಡ ಅಂತ ಒಂದೊಂದನ್ನೂ ಜಪಾನಿ ಭಾಷೆಯಲ್ಲಿ ಬರೆಸಿ ಕಳಿಸಿ. ಪ್ರತಿಯೊಂದಕ್ಕೂ ಉತ್ತರ ಬಂದ ಮೇಲೆಯೇ ದುಡ್ಡು ಕಟ್ಟಿ. ಅಲ್ಲಿಗೆ ಹೋಗಿ ಕೂತ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಇಂಥ ಅಂಗಡಿಯವರು ಬುಕ್ ಆದಷ್ಟೇ ಜನರ ಲೆಕ್ಕದಲ್ಲಿ ತೊಯೊಸು ಮಾರುಕಟ್ಟೆಯಿಂದ ಮೀನು ತರುತ್ತಾರೆ. ಅದಕ್ಕೇ ಅದೇ ದಿನ ಬೇಡ ಅಂದರೆ ಪೂರ್ತಿ ದುಡ್ಡು ಹಿಡಿಯುವವರೇ ಜಾಸ್ತಿ.

ಮೀನು ತಿನ್ನದವರಿಗೆ ಶೋಜಿನ್ ರ್ಯೋರಿ ಇದೆ. ಬೌದ್ಧ ದೇವಾಲಯಗಳ ಅಡುಗೆ. ದಾಶಿಯನ್ನು ಕೊಂಬು ಅನ್ನುವ ಕಡಲ ಪಾಚಿಯಿಂದ, ಒಣ ಅಣಬೆಯಿಂದ ಮಾಡುತ್ತಾರೆ. ನಾವು ಮಾತ್ರ ಮರುದಿನ ಎಲ್ಲಿಗೂ ಹೊಸದಾಗಿ ಹೋಗಲಿಲ್ಲ. ಭಾರತೀಯರು ಜಾಸ್ತಿ ಇರುವ ನಿಶಿಕಸಾಯಿಗೆ ಹೋಗಿ ದೋಸೆ ತಿಂದೆವು.

ಈಗಾಗಲೇ ಬುಕ್ ಮಾಡಿದ್ದರೆ, ದುಡ್ಡು ಕಳೆದುಕೊಳ್ಳದೆ ಕ್ಯಾನ್ಸಲ್ ಮಾಡಲು ಕೊನೆಯ ದಿನ ಯಾವುದು ಅಂತ ಈಗಲೇ ನೋಡಿ. ಟೋಕಿಯೋ ಸಮಯ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಇಲ್ಲಿ ರಾತ್ರಿ ಎಂಟೂವರೆ ಆದಾಗ ಅಲ್ಲಿ ಆ ದಿನ ಮುಗಿದಿರುತ್ತದೆ.