ಹಳೆ ಕಂಪ್ಯೂಟರಿಗೆ ಯಾವ ಡಿಸ್ಕ್? ನಾಲ್ಕನ್ನೂ ಹಾಕಿ ನೋಡಿದೆ

2024ರ ಪುನರ್ವಸು ಮಳೆ ಜೋರಾಗಿ ಹಿಡಿದಿದ್ದ ವಾರ. ನಮ್ಮ ಮನೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನೋಕೆ ಶುರು ಮಾಡಿತು. ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. ಮಳೆಗಾಲದಲ್ಲಿ ಕರೆಂಟು ಬಂದಷ್ಟೇ ಸಲ ಹೋಗುತ್ತದೆ. ಕಂಪ್ಯೂಟರ್ 2012ರದ್ದು: ಐ3 ಪ್ರೊಸೆಸರ್, ಎಚ್61 ಅನ್ನುವ ಮದರ್‌ಬೋರ್ಡ್, 500 ಜಿಬಿ ಡಿಸ್ಕ್. ಅಪ್ಪಯ್ಯನ ಹನ್ನೆರಡು ವರ್ಷದ ಅಡಿಕೆ ಲೆಕ್ಕ ಅದರಲ್ಲೇ ಇತ್ತು. ಯಾವ ವರ್ಷ ಎಷ್ಟು ರಾಶಿ, ಎಷ್ಟು ಬೆಟ್ಟೆ, ಯಾವ ರೇಟಿಗೆ ಹೋಯಿತು, ಎಲ್ಲ. ತಂಗಿ ಮದುವೆ ಫೋಟೋಗಳೂ ಅಲ್ಲೇ.

"ಹೊಸದೇ ತಗೊಳ್ಳಿ" ಅಂದರು ಭಾವ. ಆದರೆ ಡಿಸ್ಕ್ ಒಂದು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿಯಾಗಿತ್ತು. ಅದನ್ನು ಎಸೆಯೋಕೆ ನನಗೆ ಮನಸ್ಸಾಗಲಿಲ್ಲ.

ಡಿಸ್ಕ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ತಂತ್ರಾಂಶ ಇದೆ. ಅದರಲ್ಲಿ 'ಸಿ7' ಅನ್ನುವ ಸಾಲಿನ ಲೆಕ್ಕ ಮಾತ್ರ ಏರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್‌ನದು. ಡಿಸ್ಕ್ ಬದಲಿಸಬೇಕಿಲ್ಲ, ಕೇಬಲ್ ಬದಲಿಸಿದರೆ ಸಾಕು. '05' ಮತ್ತು 'ಸಿ5' ಏರುತ್ತಿದ್ದರೆ ಡಿಸ್ಕ್‌ನ ಮೈಯೇ ಕೆಡುತ್ತಿದೆ ಅಂತ ಅರ್ಥ. ನನ್ನದರಲ್ಲಿ ಎರಡೂ ಏರಿದ್ದವು. ಕಂಪ್ಯೂಟರ್ ಆಫ್ ಮಾಡಿ ಆ ಡಿಸ್ಕ್ ಬಿಚ್ಚಿಟ್ಟೆ.

ಅವಸರಕ್ಕೆ ಶಿವಮೊಗ್ಗದಿಂದ ಸೆಕೆಂಡ್ ಹ್ಯಾಂಡ್ 500 ಜಿಬಿ ಹಾರ್ಡ್ ಡಿಸ್ಕ್ ತಂದೆ. ಎಂಟು ನೂರು ರೂಪಾಯಿ. ಮನೆಗೆ ಬಂದು ನೋಡಿದರೆ ಅದು ಆಗಲೇ 31,000 ಗಂಟೆ ಓಡಿತ್ತು. ಹಗಲು ರಾತ್ರಿ ಬಿಡದೆ ಮೂರೂವರೆ ವರ್ಷ ತಿರುಗಿದ ಲೆಕ್ಕ. ಸಿಸಿ ಕ್ಯಾಮೆರಾದ ರೆಕಾರ್ಡರಿನಿಂದ ಬಿಚ್ಚಿದ್ದಿರಬೇಕು. ಎರಡೇ ತಿಂಗಳಿಗೆ ಅದರಲ್ಲೂ ಸಿ5 ಏರಿತು. ಹಳೆ ಹಾರ್ಡ್ ಡಿಸ್ಕ್ ಮಾತ್ರ ಯಾರೂ ಕೊಳ್ಳಬೇಡಿ. ಕೊಳ್ಳಲೇಬೇಕಾದರೆ ಅಂಗಡಿಯಲ್ಲೇ ಹಾಕಿಸಿ, ಎಷ್ಟು ಗಂಟೆ ಓಡಿದೆ ಅಂತ ನೋಡಿ.

ಆಮೇಲೆ ಹೊಸ 1 ಟಿಬಿ ಹಾರ್ಡ್ ಡಿಸ್ಕ್, ನಿಮಿಷಕ್ಕೆ 7200 ಸುತ್ತಿನದು. ನಾಲ್ಕು ಸಾವಿರದ ಹತ್ತಿರ ಆಯಿತು. ಅದನ್ನು ತಂದಿದ್ದು ವೇಗಕ್ಕಲ್ಲ, ಹಳೆಯದರ ಲೆಕ್ಕ ಉಳಿಸೋಕೆ. ಪೆನ್ ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್ ಥರದ್ದೇ ಉಚಿತ ವ್ಯವಸ್ಥೆ) ಓಡಿಸಿ, ಕೆಟ್ಟ ಡಿಸ್ಕ್‌ನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಹಚ್ಚಿದೆ. ಅದು ಸಲೀಸಾಗಿ ಸಿಗುವ ಜಾಗವನ್ನೆಲ್ಲ ಮೊದಲು ನಕಲು ಮಾಡಿಕೊಳ್ಳುತ್ತದೆ. ಹಟ ಮಾಡುವ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿವರೆಗೆ ಮುಗಿಸಿದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಆ ಫೈಲನ್ನು ಇನ್ನೊಂದು ಪೆನ್ ಡ್ರೈವ್‌ನಲ್ಲಿ ಇಟ್ಟಿದ್ದೆ. ನಮ್ಮ ಕಡೆ ಅದಿಲ್ಲದಿದ್ದರೆ ಈ ಕೆಲಸ ಮುಗಿಯುತ್ತಲೇ ಇರಲಿಲ್ಲ. ಎರಡು ದಿನದಲ್ಲಿ ಐದು ಸಲ ಕರೆಂಟು ಹೋಯಿತು, ಐದು ಸಲವೂ ನಿಂತಲ್ಲಿಂದಲೇ ಮುಂದುವರಿಯಿತು. ಅಡಿಕೆ ಲೆಕ್ಕ ಪೂರ್ತಿ ಸಿಕ್ಕಿತು. ಮದುವೆಯ ಕೆಲವು ಫೋಟೋ ಅರ್ಧಕ್ಕೆ ಬೂದಿ ಬಣ್ಣ ಆಗಿದ್ದವು. ಅವಕ್ಕೆ ಏನೂ ಮಾಡಲಾಗಲಿಲ್ಲ.

ಅದೇ ಡಿಸ್ಕ್‌ಗೆ ವಿಂಡೋಸ್ 10 ಹಾಕಿ ಒಂದು ತಿಂಗಳು ಬಳಸಿದೆ. ಸ್ವಿಚ್ ಒತ್ತಿ ಎಕ್ಸೆಲ್ ತೆರೆಯುವಷ್ಟರಲ್ಲಿ ಎರಡು ನಿಮಿಷ. ಮೊದಲು ನಾಲ್ಕು ನಿಮಿಷ ಆಗುತ್ತಿತ್ತು. ಪರವಾಗಿಲ್ಲ, ಅಷ್ಟೇ.

ನಿಜವಾದ ಬದಲಾವಣೆ ಕಂಡದ್ದು 240 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ ಇರುವ ಡಿಸ್ಕ್) ಹಾಕಿದ ಮೇಲೆ. ಆಗ ಎರಡು ಸಾವಿರದ ಒಳಗೇ ಸಿಕ್ಕಿತು. ನನಗೊಂದು ಅಳುಕಿತ್ತು. ಎಚ್61 ಬೋರ್ಡಿನಲ್ಲಿ ಇರುವುದು ಸಾಟಾ 2, ಅಂದರೆ ಹಳೆ, ನಿಧಾನದ ಸಾಟಾ. ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ಓದಬಲ್ಲದು, ಈ ಬೋರ್ಡ್ ಸುಮಾರು 270ಕ್ಕೆ ನಿಲ್ಲಿಸುತ್ತದೆ. ಅರ್ಧ ವೇಗಕ್ಕೆ ಸುಮ್ನೆ ದುಡ್ಡು ಹಾಕೋದಾ ಅಂತ. ಹಾಕಿದ ಮೇಲೆ ಗೊತ್ತಾಯಿತು, ಆ ಅಂಕಿ ಅಷ್ಟು ಮುಖ್ಯವೇ ಅಲ್ಲ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಫೈಲು ಹುಡುಕುತ್ತದೆ. ಹಾರ್ಡ್ ಡಿಸ್ಕ್‌ನ ಮುಳ್ಳು ಪ್ರತಿ ಫೈಲಿಗೂ ಆ ಕಡೆ ಈ ಕಡೆ ಓಡಬೇಕು, ಒಂದೊಂದು ಸಲಕ್ಕೂ ಹತ್ತು ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಓಡುವ ಮುಳ್ಳೇ ಇಲ್ಲ. ಎಕ್ಸೆಲ್ ಮೂವತ್ತು ಸೆಕೆಂಡಿಗೆ ತೆರೆಯತೊಡಗಿತು. ಅಪ್ಪಯ್ಯ ಮೊದಲ ದಿನ "ಹೊಸಾದು ತಂದ್ಯಾ?" ಅಂತಲೇ ಕೇಳಿದರು.

ವಿಂಡೋಸ್ ಹಾಕುವ ಮೊದಲೇ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಇರುವ ಪರದೆ) ಸಾಟಾದ ಬಗೆ ಐಡಿಇ ಅಂತ ಇದ್ದದ್ದನ್ನು ಎಎಚ್‌ಸಿಐ ಮಾಡಿಕೊಳ್ಳಿ. ಆಮೇಲೆ ಸುಮ್ನೆ ಬದಲಿಸಿದರೆ ನೀಲಿ ಪರದೆ ಬರುತ್ತದೆ.

ಎನ್‌ವಿಎಂಇ, ಅಂದರೆ ಸಾಟಾಕ್ಕಿಂತ ವೇಗದ ಎಸ್‌ಎಸ್‌ಡಿ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಅಕ್ಕನ ಮಗನ ಹತ್ತಿರ ಒಂದು ಇತ್ತು, ಅಡಾಪ್ಟರ್ ಕಾರ್ಡಿನಲ್ಲಿ ಸಿಕ್ಕಿಸಿ ನೋಡಿದೆವು. ವಿಂಡೋಸ್ ಒಳಗೆ ಡಿಸ್ಕ್ ಕಾಣಿಸಿತು. ಆದರೆ ನಮ್ಮ ಬೋರ್ಡಿನ ಬಯಾಸ್‌ಗೆ ಅದರಿಂದ ಬೂಟ್ ಮಾಡೋಕೆ, ಅಂದರೆ ಕಂಪ್ಯೂಟರ್ ಶುರು ಮಾಡೋಕೆ ಬರುವುದಿಲ್ಲ. ಇಷ್ಟು ಹಳೆ ಕಂಪ್ಯೂಟರಿಗೆ ಅದು ಬೇಡ.

ಹಾಗಂತ ಎಸ್‌ಎಸ್‌ಡಿ ಒಂದನ್ನೇ ನಂಬಿ ಕೂರಬೇಡಿ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಟಿಕ್ ಟಿಕ್ ಅಂತ ಹೇಳಿತ್ತು. ಎಸ್‌ಎಸ್‌ಡಿ ಒಂದು ಮಾತೂ ಹೇಳದೆ ಹೋಗಬಹುದು. ಹೋದ ಮೇಲೆ ಲೆಕ್ಕ ವಾಪಸ್ ತೆಗೆಯುವುದೂ ಕಷ್ಟ. ಅದಕ್ಕೇ ನಾನು ವಿಂಡೋಸ್ ಮಾತ್ರ ಎಸ್‌ಎಸ್‌ಡಿಯಲ್ಲಿ ಇಟ್ಟು, ಲೆಕ್ಕ, ಫೋಟೋ ಎಲ್ಲ 1 ಟಿಬಿಗೆ ಹಾಕಿದೆ. ಶನಿವಾರ ಒಂದು ಪೆನ್ ಡ್ರೈವ್‌ಗೂ ನಕಲು ಹೋಗುತ್ತದೆ. ಜೊತೆಗೊಂದು ಸಣ್ಣ ಯುಪಿಎಸ್ ತಂದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, ಈ ಐ3ಗೆ ವಿಂಡೋಸ್ 11 ಕೊಡುವುದಿಲ್ಲ. ಹಾಗಾಗಿ ಈಗ ಅದೇ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಮಿಂಟ್ ಓಡುತ್ತಿದೆ. ಲೆಕ್ಕದ ಫೈಲುಗಳು ಲಿಬ್ರೆ ಆಫೀಸಿನಲ್ಲಿ ತೆರೆಯುತ್ತಿವೆ.

ನಿಮ್ಮದು ಲ್ಯಾಪ್‌ಟಾಪ್ ಆದರೆ ಎರಡು ಡಿಸ್ಕ್‌ಗೆ ಜಾಗ ಇರಲ್ಲ ಅಲ್ವಾ? ಡಿವಿಡಿ ಡ್ರೈವ್ ಇದ್ದರೆ ಅದನ್ನು ತೆಗೆದು, ಆ ಜಾಗಕ್ಕೆ ಕ್ಯಾಡಿ (ಡಿಸ್ಕ್ ಹಿಡಿಯುವ ಚೌಕಟ್ಟು) ಹಾಕಿ ಹಾರ್ಡ್ ಡಿಸ್ಕ್ ಕೂರಿಸಬಹುದು. ಎಸ್‌ಎಸ್‌ಡಿ ಒಳಗಿನ ಮೂಲ ಜಾಗದಲ್ಲೇ ಇರಲಿ. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್, ಎರಡು ದಪ್ಪದಲ್ಲಿ ಬರುತ್ತದೆ. ಡ್ರೈವ್ ಬಿಚ್ಚಿ, ಅಳತೆ ನೋಡಿಕೊಂಡೇ ತರಿಸಿ.